ತಾತನ ಟ್ರಂಕು, 41 ನೋಟ್‌ಬುಕ್ಕು: ಮುಳಬಾಗಿಲಿನ ‘ಆಸ್ಥಾನ ಕವಿ’ಯನ್ನ ಏನು ಮಾಡೋದು?

ಟ್ರಂಕಿನ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ನಮ್ಮ ತಾತ ಮುಳಬಾಗಿಲಿನಲ್ಲಿ ಪ್ರೈಮರಿ ಮೇಷ್ಟ್ರಾಗಿದ್ದರು. ಹೋಗಿ ಎರಡು ತಿಂಗಳಾಯಿತು. ವೈಕುಂಠ ಸಮಾರಾಧನೆ ದಿನ ಕೈತೊಳೆಯೋ ಜಾಗದಲ್ಲಿ ನಿಂತವರೆಲ್ಲ ಒಂದೇ ಮಾತು: “ನಮ್ಮೂರ ಆಸ್ಥಾನ ಕವಿ ಹೋಗ್ಬಿಟ್ರಲ್ಲಪ್ಪ.” ಮದುವೆ, ಗೃಹಪ್ರವೇಶ, ರಿಟೈರ್‌ಮೆಂಟು, ಗಣೇಶನ ಪೆಂಡಾಲು, ಹೊಸ ಕಿರಾಣಿ ಅಂಗಡಿ ಪೂಜೆ, ಏನೇ ಇರಲಿ ತಾತನ ನಾಲ್ಕು ಸಾಲು ಇರಲೇಬೇಕಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಊಟ ಮಾತ್ರ ಬಿಡುತ್ತಿರಲಿಲ್ಲ.

ಅಟ್ಟದ ಮೇಲೆ ಹಸಿರು ತಗಡಿನ ಟ್ರಂಕು ಇತ್ತು. ಮೊನ್ನೆ ಇಳಿಸಿದೆ. ಒಳಗೆ 41 ನೋಟ್‌ಬುಕ್. ಕೆಲವಕ್ಕೆ ಹಿಂದಿನ ರಟ್ಟಿನಲ್ಲಿ ಹದಿನಾರರ ಮಗ್ಗಿ, ಒಂದರಲ್ಲಿ ಸೀಮೆಎಣ್ಣೆ ಲೆಕ್ಕ. ಎರಡು ಹಳೇ ಹಾಜರಿ ಪುಸ್ತಕ, ಎಡಗಡೆ ಮಕ್ಕಳ ಹೆಸರು, ಬಲಗಡೆ ಖಾಲಿ ಚೌಕಗಳಲ್ಲಿ ಇರುವೆ ಸಾಲಿನ ಹಾಗೆ ಪದ್ಯ. ಚಿಕ್ಕಪ್ಪ ಗುಜರಿಗೆ ಹಾಕು ಅಂತಾರೆ. ಅತ್ತೆ, ಸರಸ್ವತಿ ಕಣೋ, ಹರಿಯೋ ನೀರಿಗೆ ಬಿಡು ಅಂತಾರೆ. (ಮುಳಬಾಗಿಲಲ್ಲಿ ಹರಿಯೋ ನೀರು ಎಲ್ಲಿ ಹುಡುಕಲಿ, ಅದು ಬೇರೆ ಪ್ರಶ್ನೆ.)

ಅಚ್ಚು ಹಾಕಿಸಲಾ, ಸ್ಕ್ಯಾನ್ ಮಾಡಿಸಲಾ, ಹಾಗೇ ಇಡಲಾ? ಇನ್ನೊಂದು, ಇಂಥವರನ್ನ ‘ಊರಿನ ಕವಿ’ ಅನ್ನಬಹುದಾ? ಇಲ್ಲಾ ಸತ್ತವರ ಮೇಲಿನ ಪ್ರೀತಿಗೆ ಅಂದ ಮಾತಾ ಅದು?

ಕುರುಡುಮಲೆ ಕಡ್ಲೆಪುರಿ
ಗುಜರಿಗೆ ಹಾಕಿದ್ರೆ ನಿಮ್ಮನೆ ಮುಂದೆ ಧರಣಿ ಕೂರ್ತೀನಿ.

ಅಂತರಗಂಗೆ
ಮುಳಬಾಗಿಲಿಗೆ ಕವಿ ಇದ್ದಾರಲ್ಲ ಸ್ವಾಮಿ, ಡಿವಿಜಿ. ರಾಷ್ಟ್ರಕವಿ ಹುಟ್ಟಿದ ಊರಿಗೆ ಇನ್ನೊಬ್ಬ ಆಸ್ಥಾನ ಕವಿ ಯಾಕೆ? ಸ್ಕ್ಯಾನ್ ಮಾಡಿ ಮನೆಯವರಿಗೆ ಹಂಚಿ ಸಾಕು.

ಪ್ರಾಸ ಪರಿವೀಕ್ಷಕ
ಡಿವಿಜಿ ರಾಷ್ಟ್ರಕವಿ ಅಲ್ಲ. ಕನ್ನಡಕ್ಕೆ ಮೂರೇ ಜನ: 1949ರಲ್ಲಿ ಗೋವಿಂದ ಪೈ, ಅದೂ ಆಗಿನ ಮದ್ರಾಸ್ ಸರ್ಕಾರ ಕೊಟ್ಟಿದ್ದು. 1964ರಲ್ಲಿ ಕುವೆಂಪು. 2006ರಲ್ಲಿ ಜಿ.ಎಸ್. ಶಿವರುದ್ರಪ್ಪ. ಡಿವಿಜಿಯವರಿಗೆ ಬಂದದ್ದು 1967ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, 1974ರ ಪದ್ಮಭೂಷಣ. ಆಸ್ಥಾನ ಕವಿ ಅನ್ನೋ ಮಾತು ಅರಮನೆಗೆ ಸೇರಿದ್ದು, ಚಾಮರಾಜ ಒಡೆಯರ ಕಾಲದ ಬಸವಪ್ಪ ಶಾಸ್ತ್ರಿಗಳ ಥರ. ಮುಳಬಾಗಿಲಲ್ಲಿ ಯಾವ ಆಸ್ಥಾನ?

ಕುರುಡುಮಲೆ ಕಡ್ಲೆಪುರಿ
@ಪ್ರಾಸ ಪರಿವೀಕ್ಷಕ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿ. ಬೆಳಗ್ಗೆ ಆರಕ್ಕೇ ಆಸ್ಥಾನ ತುಂಬಿರುತ್ತೆ.

ಗಾಂಧಿಬಜಾರ್ ಸೊಸೆ
ನಾನು ಕೋಲಾರದವಳು, ಮದುವೆಯಾಗಿ ಬಸವನಗುಡಿ ಸೇರಿ 19 ವರ್ಷ. ಇಲ್ಲಿ ಡಿವಿಜಿ ರಸ್ತೆ ಅಂದ್ರೆ ಬ್ಲೌಸ್ ಪೀಸ್, ಸ್ಟೀಲ್ ಪಾತ್ರೆ, ಹಬ್ಬದ ಹಿಂದಿನ ದಿನ ಬಾಳೆಕಂದು. ನನ್ನ ಮಗಳು ಎಂಟನೇ ಕ್ಲಾಸಿನವರೆಗೂ ಡಿವಿಜಿ ಅಂದ್ರೆ ಯಾವುದೋ ಅಂಗಡಿ ಹೆಸರು ಅಂದ್ಕೊಂಡಿದ್ದಳು, ದೇವರಾಣೆ. ಬ್ಯೂಗಲ್ ರಾಕ್ ಪಾರ್ಕಿನಲ್ಲಿ ಪ್ರತಿಮೆ ತೋರಿಸಿ, ಇವರು ನಮ್ಮ ಕಡೆಯವರು ಕಣೇ ಅಂದೆ. “ನಮ್ಮ ಕಡೆ ಅಂದ್ರೆ ಯಾವ ಬ್ಲಾಕ್?” ಅಂದಳು.

ಅಲ್ಲ, ನಿಜಕ್ಕೂ ಅವರು ಮುಳಬಾಗಿಲಿನವರು ಅಂತ ಎಷ್ಟು ಹೇಳ್ಕೋಬಹುದು? 1887ರಲ್ಲಿ ಅಲ್ಲಿ ಹುಟ್ಟಿದರು, ಸರಿ. ಬದುಕು ಬೆಳೆದದ್ದೆಲ್ಲ ಬೆಂಗಳೂರಲ್ಲಿ. ಪತ್ರಿಕೆ ಇಲ್ಲಿ, 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ಇಲ್ಲಿ.

ದೇವನಹಳ್ಳಿ ಚಕ್ಕೋತ
ಒಂದ್ನಿಮಿಷ. ಡಿ ಅಂದ್ರೇನು? ದೇವನಹಳ್ಳಿ! ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಇನಿಷಿಯಲ್ಲೇ ನಮ್ಮದು. ನೀವಿಬ್ಬರೂ ಜಗಳ ನಿಲ್ಲಿಸಿ.

ಅಂತರಗಂಗೆ
ಹುಟ್ಟಿದ್ದು ಮುಳಬಾಗಿಲು, ಹೆಸರಲ್ಲಿ ದೇವನಹಳ್ಳಿ, ಪ್ರತಿಮೆ ಬಸವನಗುಡಿ. ಇಷ್ಟು ಊರು ಸುತ್ತಿದ್ದಕ್ಕೇ ಇರಬೇಕು ಅಷ್ಟು ವೇದಾಂತ ಬಂದದ್ದು.

ಟೊಮೊಟೊ ಮಂಡಿ
ಇದು ನಮ್ಮ ಜಿಲ್ಲೆ ಹಣೆಬರಹ ಅಣ್ಣೋ. ಹಾಲು ಬೆಂಗಳೂರಿಗೆ, ಟೊಮೊಟೊ ಬೆಂಗಳೂರಿಗೆ, ರೇಷ್ಮೆ ಬೆಂಗಳೂರಿಗೆ, ಡಿವಿಜಿ ಬೆಂಗಳೂರಿಗೆ, ಮಾಸ್ತಿ ಬೆಂಗಳೂರಿಗೆ. ವಾಪಸ್ ಬಂದಿದ್ದೇನು? ಬೆಂಗಳೂರಿನ ಕೊಳಚೆ ಸಂಸ್ಕರಿಸಿ ಬಿಡೋ ಕೆ.ಸಿ. ವ್ಯಾಲಿ ನೀರು.

ಕುರುಡುಮಲೆ ಕಡ್ಲೆಪುರಿ
😂😂 ಇದನ್ನ ಕಲ್ಲಲ್ಲಿ ಕೆತ್ತಿಸಿ ಟೋಲ್‌ಗೇಟಲ್ಲಿ ನಿಲ್ಲಿಸಬೇಕು.

ಮಾಲೂರು ಮಾವ
ನಗಬೇಡಿ, 2018ರಿಂದ ಆ ನೀರು ಬಂದ ಮೇಲೇ ನಮ್ಮ ಕಡೆ ಬೋರ್‌ವೆಲ್‌ಗಳಿಗೆ ಜೀವ ಬಂದಿದ್ದು. ಸಂಸ್ಕರಣೆ ಸಾಲದು ಅನ್ನೋದು ಬೇರೆ ಜಗಳ. ಅದಿರಲಿ. ಮಾಸ್ತಿಯವರನ್ನ ಸುಮ್ಮನೆ ಪಟ್ಟಿಗೆ ಸೇರಿಸಿ ಮುಂದೆ ಹೋಗಬೇಡಿ. 1983ರ ಜ್ಞಾನಪೀಠ. ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ಮನುಷ್ಯ. ಡಿವಿಜಿ ಅಂದಾಗ ಯಾರಿಗೂ ಮುಳಬಾಗಿಲು ನೆನಪಾಗಲ್ಲ. ಮಾಸ್ತಿ ಅಂದಾಗ ಮಾಲೂರು ತಾಲೂಕಿನ ಒಂದು ಊರು ಬಾಯಲ್ಲಿ ಬಂದೇ ಬರುತ್ತೆ. ಹುಟ್ಟಿದ್ದು ಜೂನ್ 6, 1891. ಹೋಗಿದ್ದೂ ಜೂನ್ 6ರಂದೇ, 1986ರಲ್ಲಿ. ಭರ್ತಿ 95 ವರ್ಷ, ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಮ್ಮಿ ಇಲ್ಲ.

ಹಳೇ ಪುಸ್ತಕ
ಯಾರೂ ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. @ಟ್ರಂಕಿನ ಮೊಮ್ಮಗ, ಹಳೇ ಕಾಗದದ ಕೆಲಸ ಹತ್ತು ವರ್ಷದಿಂದ ಮಾಡ್ತಿದ್ದೀನಿ, ನಾಲ್ಕು ಮಾತು.

ನೋಟ್‌ಬುಕ್ಕು ಬಿಸಿಲಲ್ಲಿ ಒಣಗಿಸಬೇಡಿ, ಇಂಕು ಹೋಗುತ್ತೆ. ನೆರಳಲ್ಲಿ, ಗಾಳಿ ಆಡೋ ಜಾಗದಲ್ಲಿ ಪುಟ ಬಿಡಿಸಿ ನಿಲ್ಲಿಸಿ. ತುಕ್ಕು ಹಿಡಿದ ಪಿನ್ನು ಎಳೀಬೇಡಿ, ಹಿಂದಿನಿಂದ ಕಾಲು ಬಿಡಿಸಿ ತೆಗೀರಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಮುಟ್ಟಿಸಿದರೆ ಮುಗೀತು, ನಾಲ್ಕು ವರ್ಷಕ್ಕೆ ಹಳದಿ ಪಟ್ಟಿ ಬಿದ್ದು ಅದರಡಿಯ ಅಕ್ಷರ ತಿಂದುಹಾಕುತ್ತೆ. ಲ್ಯಾಮಿನೇಷನ್ ಅಂತೂ ಮಹಾಪಾಪ. ನುಸಿಗುಳಿಗೆ ಹಾಕೋದಾದರೆ ಬಟ್ಟೇಲಿ ಕಟ್ಟಿ ಮೂಲೇಲಿಡಿ, ಕಾಗದಕ್ಕೆ ತಗುಲಬಾರದು.

ಸ್ಕ್ಯಾನರ್ ಬೇಡ, ಹಳೇ ಬೈಂಡು ಒಡೆಯುತ್ತೆ. ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಜಗುಲಿ ನೆರಳಲ್ಲಿ ಫೋನಿನಿಂದಲೇ ನೇರ ಮೇಲಿಂದ ತೆಗೀರಿ. ರಟ್ಟು, ಮಗ್ಗಿ, ಸೀಮೆಎಣ್ಣೆ ಲೆಕ್ಕ ಯಾವುದನ್ನೂ ಬಿಡಬೇಡಿ. ದಿನಕ್ಕೊಂದು ನೋಟ್‌ಬುಕ್ ಅಂದ್ರೆ ಒಂದೂವರೆ ತಿಂಗಳ ಕೆಲಸ. ಆಮೇಲೆ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ. ಅಚ್ಚಿನ ಮಾತು ಅದಾದ ಮೇಲೆ.

ಟ್ರಂಕಿನ ಮೊಮ್ಮಗ
@ಹಳೇ ಪುಸ್ತಕ ಅಯ್ಯೋ, ಎರಡು ನೋಟ್‌ಬುಕ್ಕಿಗೆ ಆಗಲೇ ಸೆಲ್ಲೋಟೇಪ್ ಹಾಕಿದ್ದೀನಿ 😔 ಹಕ್ಕುಸ್ವಾಮ್ಯದ ತೊಂದರೆ ಇರಲ್ವಾ?

ಹಳೇ ಪುಸ್ತಕ
ಹಾಕಿದ್ದನ್ನ ಕೀಳಬೇಡಿ, ಹಾಗೇ ಫೋಟೋ ತೆಗೀರಿ. ಹಕ್ಕು ವಾರಸುದಾರರದ್ದು. ಚಿಕ್ಕಪ್ಪ, ಅತ್ತೆ ಎಲ್ಲರ ಒಪ್ಪಿಗೆ ಒಂದು ಹಾಳೇಲಿ ಬರೆಸಿಕೊಳ್ಳಿ ಸಾಕು. ಭಾರತದಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು ಇರುತ್ತೆ, ಮುಂದಿನ ಜನವರಿಯಿಂದ ಎಣಿಕೆ. ಡಿವಿಜಿ 1975ರಲ್ಲಿ ಹೋದರು, ಹಾಗಾಗಿ ಅವರ ಬರಹಕ್ಕೆ 2035ರ ಕೊನೆವರೆಗೂ ಇದೆ. ಅವರ ‘ಮಂಕುತಿಮ್ಮನ ಕಗ್ಗ’ದ ಪದ್ಯ ಎಲ್ಲರ ವಾಟ್ಸಾಪಲ್ಲೂ ಓಡಾಡ್ತಿದೆ ಅಂತ ಅದು ಪುಕ್ಕಟೆ ಮಾಲು ಅಂದ್ಕೋಬೇಡಿ.

ಚಿಂತಾಮಣಿ ಅಕ್ಕ
ವಾಟ್ಸಾಪಲ್ಲಿ ಬರೋ ಅರ್ಧ ಕಗ್ಗ ಡಿವಿಜಿದೇ ಅಲ್ಲ ಬಿಡಿ. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ‘ವೈಫೈ’ ಪದ ಇರೋ ಕಗ್ಗ ಬಂದಿತ್ತು. ಹನ್ನೊಂದು ಜನ ಕೈ ಮುಗಿದಿದ್ದರು.

ಪ್ರಾಸ ಪರಿವೀಕ್ಷಕ
ಖೋಟಾ ಕಗ್ಗ ಹಿಡಿಯೋದು ಸುಲಭ. ಕೊನೇಲಿ ಮಂಕುತಿಮ್ಮ ಅಂತ ಅಂಟಿಸಿದ ಮಾತ್ರಕ್ಕೆ ಆಗಲ್ಲ. ನಾಲ್ಕೂ ಸಾಲಿನ ಎರಡನೇ ಅಕ್ಷರ ನೋಡಿ. ಮೊದಲನೇ ಸಾಲಲ್ಲಿ ‘ವ’ ಬಂದರೆ ನಾಲ್ಕರಲ್ಲೂ ‘ವ’ ಬರಬೇಕು, ಸ್ವರ ಯಾವುದಾದರೂ ಇರಲಿ. ಆದಿಪ್ರಾಸ ಅಂತಾರೆ. ಮೇಲೆ ಐದು ಮಾತ್ರೆಯ ನಡಿಗೆ (ಮಾತ್ರೆ ಅಂದ್ರೆ ಉಚ್ಚಾರದ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು), ಬೆರಳಲ್ಲಿ ಎಣಿಸಬಹುದು. 945 ಪದ್ಯದುದ್ದಕ್ಕೂ ಈ ಬಿಗಿ ಇಟ್ಟವರ ಹೆಸರಲ್ಲಿ ಸಡಿಲ ಸಾಲು ಹರಿಬಿಡೋರಿಗೆ ಏನನ್ನಬೇಕು? 1943ರಲ್ಲಿ ಬಂದ ಪುಸ್ತಕದಲ್ಲಿ ವೈಫೈ ಎಲ್ಲಿಂದ ಬಂತು ಅಂತ ಕೇಳೋ ಮೊದಲು ಎರಡನೇ ಅಕ್ಷರ ಕೇಳಿ.

ಪ್ರಾಸದಲ್ಲೂ ಜಾತಿ ಇದೆ. ಮೊದಲಕ್ಷರ ಹ್ರಸ್ವ ಆದರೆ ಸಿಂಹಪ್ರಾಸ, ದೀರ್ಘ ಆದರೆ ಗಜಪ್ರಾಸ. ಸೊನ್ನೆ ಬಂದರೆ ವೃಷಭ, ವಿಸರ್ಗ ಬಂದರೆ ಅಜ. ಒಂದೇ ಅಕ್ಷರದ ಒತ್ತು ಹಯ, ಬೇರೆ ಒತ್ತು ಶರಭ. ಪೂರ್ತಿ ಮೃಗಾಲಯ. ನಾಗವರ್ಮನ ಕಾಲದಿಂದ ಇದೆ.

ಕುರುಡುಮಲೆ ಕಡ್ಲೆಪುರಿ
ಸಾರ್ ನಿಮ್ಮ ಕ್ಲಾಸಲ್ಲಿ ನಾನು ಕೊನೇ ಬೆಂಚು.

ಬಿಳಿ ಹಾಳೆ
ಕಟುವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಇದು ಕವಿತೆ ಅಲ್ಲ. ಮದುವೆ ಪದ್ಯ, ಅಂಗಡಿ ಪೂಜೆ ಪದ್ಯ, ಇವೆಲ್ಲ ಚಪ್ಪರ, ತೋರಣ ಇದ್ದ ಹಾಗೆ. ಕಾರ್ಯ ಮುಗಿದ ಮೇಲೆ ಬಿಚ್ಚಿ ಹಾಕೋದು. ತಾತನ ಮೇಲೆ ಗೌರವ ಇರಲಿ, ಆದರೆ ಕೇಳಿದವರಿಗೆಲ್ಲ ಹೊಗಳಿ ಬರೆದವರನ್ನ ಊರಿನ ಕವಿ ಅಂದರೆ ಡಿವಿಜಿ, ಮಾಸ್ತಿ, ಕೈವಾರದ ತಾತಯ್ಯ ಹುಟ್ಟಿದ ಸೀಮೆಗೇ ಅವಮಾನ.

ಟ್ರಂಕಿನ ಮೊಮ್ಮಗ
ಬೇಜಾರೇನಿಲ್ಲ. ಸ್ವಲ್ಪ ಇದೆ.

ರಿಟೈರ್ಡ್ ಹೆಡ್‌ಮೇಷ್ಟ್ರು
@ಬಿಳಿ ಹಾಳೆ ತಾವು ಯಾವ ಊರೋ ತಿಳಿಯದು. ನನ್ನ ನಿವೃತ್ತಿಗೆ ಆ ಮಹನೀಯರೇ ಬಿನ್ನವತ್ತಳೆ ಬರೆದದ್ದು. ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದ್ದೇನೆ. ಬಿಸಿಲು ಬಿದ್ದು ಎಡಗಡೆ ಅಕ್ಷರ ಅಳಿಸಿಹೋಗಿದೆ, ಬಲಗಡೆ ಉಳಿದಿದೆ. ಅದರಲ್ಲಿ ನನ್ನ ಸೈಕಲ್ಲಿನ ಬಗ್ಗೆ ಎರಡು ಸಾಲಿತ್ತು: ಬ್ರೇಕಿಲ್ಲದ ಸೈಕಲ್ಲಿನಲ್ಲಿ 22 ವರ್ಷ ಬಂದರೂ ಒಂದು ದಿನವೂ ಬೆಲ್ ಹೊಡೆದ ಮೇಲೆ ಬರಲಿಲ್ಲ ಅಂತ. ಸಭೆಯೆಲ್ಲ ನಕ್ಕಿತು. ನನ್ನ ಹೆಂಡತಿ ಅತ್ತಳು. ಆ ಸೈಕಲ್ ಚೈನು ಎಷ್ಟು ಸಲ ಬಿದ್ದಿತ್ತು ಅಂತ ಅವಳಿಗೆ ಗೊತ್ತು. ಇಲಾಖೆಯಿಂದ ಬಂದ ಅಭಿನಂದನಾ ಪತ್ರ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಹೊಗಳಿಕೆ ಬೇರೆ, ಗಮನಿಸಿ ಬರೆಯುವುದು ಬೇರೆ.

ಬಿಳಿ ಹಾಳೆ
ಸೈಕಲ್ ಸಾಲು ಚೆನ್ನಾಗಿದೆ, ಒಪ್ಪಿದೆ. 41 ನೋಟ್‌ಬುಕ್ಕಿನಲ್ಲಿ ಅಂಥವು ಎಷ್ಟಿವೆ ಅನ್ನೋದೇ ಪ್ರಶ್ನೆ. ಆರಿಸಿ, ನಲವತ್ತು ಪುಟ ಮಾಡಿ. ಎಲ್ಲ ತುರುಕಿ ದಿಂಡುಗಟ್ಟಲೆ ಪುಸ್ತಕ ಮಾಡಿದರೆ ನಿಮ್ಮ ತಾತನಿಗೇ ಅನ್ಯಾಯ.

ಚಿಂತಾಮಣಿ ಅಕ್ಕ
ಕೈವಾರ ತಾತಯ್ಯನ ಹೆಸರು ಎತ್ತಿದ್ರಲ್ಲ, ಅವರು ಬಳೆ ಮಲಾರ ಹೊತ್ತು ಮಾರಿದವರು. ತೆಲುಗಲ್ಲೂ ಬರೆದರು, ಕನ್ನಡದಲ್ಲೂ ಬರೆದರು. ಅವರ ಪದ ಉಳಿದದ್ದು ಪುಸ್ತಕದಿಂದಲ್ಲ, ಭಜನೆ ಮನೆಯಿಂದ. ನಮ್ಮಜ್ಜಿಗೆ ಓದೋಕೆ ಬರುತ್ತಿರಲಿಲ್ಲ, ತತ್ವಪದ ಮಾತ್ರ ಬೆಳತನಕ ಹಾಡೋರು. ಕಾರ್ಯಕ್ಕೆ ಬಳಸಿದ್ದು ಕವಿತೆ ಅಲ್ಲ ಅಂದ್ರೆ ಸೋಬಾನೆ ಪದ ಏನು, ಲಾಲಿ ಹಾಡು ಏನು?

ಅಂತರಗಂಗೆ
ತೆಲುಗು ಅಂದ್ರಲ್ಲ, ಈ ತಾತ ತೆಲುಗಲ್ಲೂ ಬರೀತಿದ್ರಾ? ಮುಳಬಾಗಿಲ ಕಡೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಸಂತೇಲಿ ಎರಡೂ ಕಲಸಿ.

ಟ್ರಂಕಿನ ಮೊಮ್ಮಗ
ಹೌದು, ಆರು ನೋಟ್‌ಬುಕ್ಕಲ್ಲಿ ಕನ್ನಡ ಲಿಪೀಲೇ ತೆಲುಗು ಪದ್ಯ ಇದೆ. ಆಂಧ್ರ ಗಡಿಯ ನಂಗಲಿ ಆಚೆ ಬೀಗರು ಬಂದಾಗ ಅವರಿಗೆ ಬೇರೆ ಪದ್ಯ ಓದೋರು. ಬೈಗುಳ ಮಾತ್ರ ಶುದ್ಧ ತೆಲುಗು.

ತೀರ್ಥದ ದಾರಿ
ಒಂದು ಮಾತು ಯಾರೂ ಹೇಳಲಿಲ್ಲವಲ್ಲ. ಮುಳಬಾಗಿಲಿನ ಕವಿ ಅಂದರೆ ಮೊದಲ ಹೆಸರು ಶ್ರೀಪಾದರಾಜರದ್ದು. ‘ರಂಗವಿಠಲ’ ಅಂಕಿತ. ವ್ಯಾಸರಾಯರ ಗುರು. ಹುಟ್ಟಿದ್ದು ಚನ್ನಪಟ್ಟಣದ ಹತ್ತಿರ ಅಬ್ಬೂರು, ವೃಂದಾವನ ಇರೋದು ನಮ್ಮ ನರಸಿಂಹತೀರ್ಥದಲ್ಲಿ. ಒಬ್ಬರು ಇಲ್ಲಿ ಹುಟ್ಟಿ ಬೆಂಗಳೂರಿಗೆ ಹೋದರು, ಇನ್ನೊಬ್ಬರು ಎಲ್ಲೋ ಹುಟ್ಟಿ ಇಲ್ಲೇ ಉಳಿದರು. ಊರು ಯಾರನ್ನ ತನ್ನವರು ಅನ್ನಬೇಕು ಅನ್ನೋದಕ್ಕೆ ಐನೂರು ವರ್ಷದ ಹಿಂದೆಯೇ ಒಂದು ಉತ್ತರ ಸಿಕ್ಕಿದೆ. ಈ ಮೇಷ್ಟ್ರು ಇಲ್ಲೇ ಹುಟ್ಟಿ ಇಲ್ಲೇ ಉಳಿದವರು. ಮೂರನೇ ಜಾತಿ.

ಗಾಂಧಿಬಜಾರ್ ಸೊಸೆ
ಇದು ಒಪ್ಪಿದೆ. ಆದರೆ ಡಿವಿಜಿ ‘ಹೋದರು’ ಅಂತ ದೂರಬೇಡಿ. ಮೆಟ್ರಿಕ್ ದಾಟಲಿಲ್ಲ, ಕೆಜಿಎಫ್‌ನ ಸೋಡಾ ಕಾರ್ಖಾನೇಲಿ ದುಡಿದರು, ಬೆಂಗಳೂರಿಗೆ ಬಂದು ಜಟಕಾ ಗಾಡಿಗೆ ಬಣ್ಣ ಹಚ್ಚೋ ಕಡೆ ಇದ್ದರು. ಹೊಟ್ಟೆಪಾಡಿಗೆ ಹೋದವರು ಅವರೂ. 1970ರಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿ ನಿಧಿ ಕೊಟ್ಟರೆ ಪೂರ್ತಿ ಗೋಖಲೆ ಸಂಸ್ಥೆಗೆ ಕೊಟ್ಟುಬಿಟ್ಟರು. ಆ ಕಾಲದ ಲಕ್ಷ! ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರಜ್ಞ, ಅವರಿಗೂ 1978ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅಪ್ಪನ ಬರಹ ಎಷ್ಟು ಗಂಭೀರವೋ ಮಗನದು ಅಷ್ಟೇ ತುಂಟ.

ದೇವನಹಳ್ಳಿ ಚಕ್ಕೋತ
ಅವರೆಲ್ಲರಿಗೂ ನಮ್ಮ ದೇವನಹಳ್ಳಿ ಮೂಲ 😌

ಕುರುಡುಮಲೆ ಕಡ್ಲೆಪುರಿ
ಚಕ್ಕೋತಣ್ಣ, ನೀವು ಏರ್‌ಪೋರ್ಟ್ ಇಟ್ಕೊಳ್ಳಿ, ಡಿವಿಜಿ ನಮಗೆ ಬಿಡಿ. ನಮ್ಮ ಹತ್ರ ದೋಸೆ, ಗಣೇಶ ಬಿಟ್ಟರೆ ಇನ್ನೇನಿದೆ.

ಟೊಮೊಟೊ ಮಂಡಿ
ದೋಸೆ ಅಂದ ಕೂಡಲೇ: ಈಗ ಬೆಂಗಳೂರಲ್ಲಿ ‘ಮುಳಬಾಗಿಲು ದೋಸೆ’ ಅಂತ ಬೋರ್ಡು ಹಾಕಿ ಕೊಡೋದು ಯಾವ ದೋಸೆ? ದಪ್ಪ ಇಲ್ಲ, ಒಳಗೆ ಮೆತ್ತಗಿಲ್ಲ, ಕೆಂಪು ಚಟ್ನಿ ಲೇಪ ಮಾಡಿದ್ರೆ ಆಯ್ತಾ?

ನಿರ್ವಾಹಕ
ದೋಸೆಗೆ ಬೇರೆ ಎಳೆ ಇದೆ. 340 ಉತ್ತರ ಬಂದಿವೆ ಅಲ್ಲಿ, ಇನ್ನೂ ತೀರ್ಮಾನ ಆಗಿಲ್ಲ. ಇಲ್ಲಿ ತಾತನ ಟ್ರಂಕು.

ನಂಗಲಿ ಬಸ್ಸು
ಮೂರು ದಿನದಿಂದ ಸುಮ್ಮನೆ ಓದ್ತಿದ್ದೆ, ಇವತ್ತು ಕೇಳೇಬಿಡ್ತೀನಿ. ನಮ್ಮ ಅಪ್ಪ ಅಮ್ಮನ ಮದುವೆ ಮುಳಬಾಗಿಲಲ್ಲೇ ಆಗಿದ್ದು, 1979. ಒಬ್ಬರು ಮೇಷ್ಟ್ರು ಎದ್ದು ನಿಂತು ಪದ್ಯ ಓದಿದ್ದರಂತೆ, ಗುಲಾಬಿ ಬಣ್ಣದ ಹಾಳೇಲಿ ಅಚ್ಚು ಹಾಕಿಸಿ ಎಲೆ ಅಡಿಕೆ ಜೊತೆ ಹಂಚಿದ್ದರಂತೆ. ಆ ಹಾಳೆ ಅಮ್ಮನ ರೇಷ್ಮೆ ಸೀರೆ ಮಡಿಕೇಲಿ ಇತ್ತು. ಸೀರೆ ಜೊತೆಗೇ ಮಡಿಕೆ ಮಡಿಕೆಗೆ ಹರಿದು ಎರಡು ಸಾಲು ಹೋಗಿದೆ. ಬಾಗಿಲು, ತೋರಣ ಅಂತ ಏನೋ ಬರುತ್ತೆ. ನಿಮ್ಮ ತಾತನದ್ದೇ ಇರಬಹುದಾ?

ಟ್ರಂಕಿನ ಮೊಮ್ಮಗ
ನಾಳೆ ಹುಡುಕ್ತೀನಿ ಅಣ್ಣ.

ಟ್ರಂಕಿನ ಮೊಮ್ಮಗ
ಸಿಕ್ತು. ಮೊದಲು ಪದ್ಯ ಹಾಕ್ತೀನಿ, ಆಮೇಲೆ ವಿಷಯ.

________ ಕೊರಳ ಮಾಂಗಲ್ಯ ಬೆಳಗಿರಲಿ
ಬಾಗಿಲಿನ ತೋರಣದ ಹಸಿರು ಬಾಡದೆ ಇರಲಿ
ಆಗಸದ ಮಳೆ ಬಂದು ಕೆರೆಕೋಡಿ ಹರಿದಿರಲಿ
ಸಾಗಿ ಬರಲಾ ಸುಖವು ನೂರು ವರುಷ

ಗೆರೆ ಎಳೆದ ಜಾಗದಲ್ಲಿ ಹೆಣ್ಣಿನ ಹೆಸರು. ಈಗ ಹೇಳೋಕೆ ಸಂಕೋಚ ಆಗ್ತಿದೆ. ಆ ಜಾಗದಲ್ಲಿ ಒಂದು ಹೆಸರಿಲ್ಲ, ಒಂಬತ್ತಿವೆ. ಒಂದು ಹೊಡೆದು ಅದರ ಮೇಲೆ ಇನ್ನೊಂದು, ಜಾಗ ಸಾಲದೆ ಅಂಚಿನಲ್ಲಿ, ಕೆಳಗೆ, ನೀಲಿ ಇಂಕು, ಕಪ್ಪು ಇಂಕು, ಒಂದು ಪೆನ್ಸಿಲ್. ತಾರೀಖು ಒಂದಕ್ಕೂ ಇಲ್ಲ. ತಾತ ಒಂದೇ ಪದ್ಯ ಒಂಬತ್ತು ಮದುವೇಲಿ ಓದಿದ್ದಾರೆ.

ಕುರುಡುಮಲೆ ಕಡ್ಲೆಪುರಿ
😂😂😂 ಬಾಡಿಗೆ ಚಪ್ಪರ!

ಬಿಳಿ ಹಾಳೆ
ನಾನು ಏನೂ ಹೇಳಲ್ಲ.

ನಂಗಲಿ ಬಸ್ಸು
ನಮ್ಮಮ್ಮ 40 ವರ್ಷ ಸೀರೆ ಮಡಿಕೇಲಿ ಇಟ್ಕೊಂಡಿದ್ದು ಎಷ್ಟನೇ ಕೈ ಪದ್ಯ ಹಾಗಾದ್ರೆ? ನಗು ಬರ್ತಿದೆ, ಆದ್ರೂ ಒಂಥರಾ ಆಗ್ತಿದೆ. ಅವರಿಗೆ ಹೇಳಲ್ಲ ಬಿಡಿ.

ಟೊಮೊಟೊ ಮಂಡಿ
ಮದುವೆ ಪದ್ಯದಲ್ಲಿ ಕೆರೆ ಕೋಡಿ ಹರಿಯಲಿ ಅಂತ ಬರೆಯೋನು ಕೋಲಾರ ಜಿಲ್ಲೆಯೋನೇ, ಅನುಮಾನ ಬೇಡ. ಮಿಕ್ಕ ಊರಲ್ಲಿ ಚಿನ್ನ ಸುರಿಯಲಿ ಅಂತಾರೆ.

ಮಾಲೂರು ಮಾವ
2021ರಲ್ಲಿ ಹರೀತಲ್ಲ, ಕೋಡಿ ಮೇಲೆ ಕೋಡಿ. ಕೋಡಿ ಬಿದ್ದ ದಿನ ನಮ್ಮೂರಲ್ಲಿ ಕೆರೆಗೆ ಸೀರೆ ಉಡಿಸಿ ಬಾಗಿನ ಬಿಟ್ಟು, ನಿಂತ ನೀರಲ್ಲಿ ಮುದುಕರೆಲ್ಲ ಮಕ್ಕಳ ಥರ ಕುಣಿದರು.

ಪ್ರಾಸ ಪರಿವೀಕ್ಷಕ
ನಿಲ್ಲಿ ನಿಲ್ಲಿ. ಎಲ್ಲರೂ ನಗೋ ಭರದಲ್ಲಿ ಪದ್ಯ ನೋಡಲೇ ಇಲ್ಲ. ಬಾಗಿಲಿನ, ಆಗಸದ, ಸಾಗಿ. ಮೊದಲಕ್ಷರ ದೀರ್ಘ, ಎರಡನೆಯದು ‘ಗ’. ಶುದ್ಧ ಗಜಪ್ರಾಸ. ಐದು ಮಾತ್ರೆಯ ಗಣವೂ ಎಲ್ಲೂ ಮುಗ್ಗರಿಸಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆಯೋ ಮನುಷ್ಯ ಮೊದಲ ಸಾಲಲ್ಲಿ ಪ್ರಾಸ ಬಿಡ್ತಾನಾ? ಆ ಖಾಲಿ ಜಾಗದಲ್ಲಿ ಮೊದಲು ಇದ್ದ ಹೆಸರಿಗೂ ದೀರ್ಘದ ಮೇಲೆ ‘ಗ’ ಇರಲೇಬೇಕು. ಲೆಕ್ಕ ಹಾಕಿದೆ, ‘ಮಾಂಗಲ್ಯ’ಕ್ಕೆ ಮೊದಲು ಎರಡು ಗಣ, ಅಂದ್ರೆ ಹತ್ತು ಮಾತ್ರೆ; ಅದರಲ್ಲಿ ‘ಕೊರಳ’ ಮೂರು ಮಾತ್ರೆ, ಹಾಗಾದರೆ ಹೆಸರು ‘ಯ’ ಸೇರಿ ಏಳು ಮಾತ್ರೆ ಆಗಬೇಕು. ಉಳಿದ ಎಂಟು ಆಮೇಲೆ ತುರುಕಿದ್ದು, ಅವಕ್ಕೆ ಪ್ರಾಸ ಕೂಡಲ್ಲ.

@ಟ್ರಂಕಿನ ಮೊಮ್ಮಗ, ಹೆಸರುಗಳನ್ನ ಇಲ್ಲಿ ಹಾಕಬೇಡಿ. ಎಷ್ಟು ಹೆಸರಲ್ಲಿ ಎರಡನೇ ಅಕ್ಷರ ‘ಗ’ ಇದೆ ಅಷ್ಟು ಹೇಳಿ.

ಚಿಂತಾಮಣಿ ಅಕ್ಕ
ಭಾಗ್ಯ ಇರಬಹುದು!

ಪ್ರಾಸ ಪರಿವೀಕ್ಷಕ
ಆಗಲ್ಲ. ‘ಗ್ಯ’ ಒತ್ತಕ್ಷರ, ಶರಭಪ್ರಾಸ ಆಗುತ್ತೆ. ಆನೆ ಹಿಂಡಲ್ಲಿ ಶರಭ ಬಿಡೋಕಾಗಲ್ಲ.

ಟ್ರಂಕಿನ ಮೊಮ್ಮಗ
ಭೂತಗನ್ನಡಿ ಹಿಡಿದು ನೋಡಿದೆ. ಒಂದೇ ಒಂದು. ಎಲ್ಲಕ್ಕಿಂತ ಅಡಿಯಲ್ಲಿದೆ, ಮೂರು ಸಲ ಹೊಡೆದುಹಾಕಿದ್ದರೂ ಕಾಣುತ್ತೆ. ನೀಲಿ ಇಂಕು, ಪದ್ಯದ್ದೇ ಇಂಕು.

@ನಂಗಲಿ ಬಸ್ಸು, ನಿಮ್ಮ ಅಮ್ಮನ ಹೆಸರು ಕೇಳಲ್ಲ. ಎರಡನೇ ಅಕ್ಷರ?

ನಂಗಲಿ ಬಸ್ಸು
ಗ.

ನಂಗಲಿ ಬಸ್ಸು
ಬೆರಳಲ್ಲಿ ಎಣಿಸಿದೆ. ‘ಯ’ ಸೇರಿ ಏಳು.

ಕುರುಡುಮಲೆ ಕಡ್ಲೆಪುರಿ
ಅಯ್ಯಪ್ಪಾ ಮೈ ಜುಂ ಅಂತು.

ಬಿಳಿ ಹಾಳೆ
ಸರಿ. ನಲವತ್ತು ಪುಟದಲ್ಲಿ ಇದೂ ಇರಲಿ. ಒಂಬತ್ತು ಹೆಸರೂ ಕಾಣೋ ಹಾಗೆ ಆ ಪುಟದ ಫೋಟೋನೇ ಹಾಕಿ, ಟೈಪ್ ಮಾಡಬೇಡಿ.

ಹಳೇ ಪುಸ್ತಕ
ಅದಕ್ಕೇ ಹೇಳಿದ್ದು, ಏನನ್ನೂ ಬಿಡದೆ ಫೋಟೋ ತೆಗೀರಿ ಅಂತ. ಹೆಸರುಗಳು ಬದುಕಿರೋರದ್ದು, ಹಾಕೋ ಮೊದಲು ಆ ಮನೆಗಳವರನ್ನ ಕೇಳಿ.

ಟ್ರಂಕಿನ ಮೊಮ್ಮಗ
ಕೇಳ್ತೀನಿ. ಚಿಕ್ಕಪ್ಪ ಈಗ ಟ್ರಂಕಿಗೆ ಹೊಸ ಬೀಗ ತಂದಿದ್ದಾರೆ, ಕೀ ಅವರ ಹತ್ರಾನೇ ಅಂತೆ 🙄 ನೋಟ್‌ಬುಕ್ 1ರಿಂದ 4ರವರೆಗೆ ಫೋಟೋ ಆಯ್ತು.

ನಂಗಲಿ ಬಸ್ಸು
ಅಮ್ಮನಿಗೆ ಹೇಳಿದೆ. ನಾಲ್ಕೂ ಸಾಲು ಓದಿದೆ. ಹರಿದುಹೋಗಿದ್ದ ಎರಡು ಸಾಲು ನಾನು ಓದೋ ಮೊದಲೇ ಅವರೇ ಹೇಳಿಬಿಟ್ಟರು. ಇನ್ನೂ ಎಂಟು ಮದುವೇಲಿ ಓದಿದ್ದರಂತೆ ಅಂದೆ. “ಓದಲಿ ಬಿಡು. ನಮ್ಮ ಮದುವೇಲಿ ಆ ಮೇಷ್ಟ್ರು ಎರಡು ಪಂಕ್ತೀಲೂ ಕೂತಿದ್ದರು, ನಿಮ್ಮಜ್ಜಿ ಬಡಿಸಿದ್ದು ಗೊತ್ತು ನಂಗೆ” ಅಂದರು.